ಹಿರಿಯರನ್ನು ದೂರದ ವಿಮಾನ ಹತ್ತಿಸುವ ಮುನ್ನ

ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವುದು ಈಗ ಹೊಸ ಸುದ್ದಿಯಲ್ಲ. ಬನಿಯನ್ ವ್ಯಾಪಾರ ಬಿಟ್ಟು ಹೊರಡಲಾಗದೆ ವಯಸ್ಸಾದ ತಂದೆ-ತಾಯಿಯರನ್ನಷ್ಟೇ ಕಳಿಸುವುದುಂಟು. ಪೀಳಮೇಡು ನಿಲ್ದಾಣದಿಂದ ಅಮೆರಿಕಕ್ಕೆ ನೇರ ವಿಮಾನವಿಲ್ಲ. ದೆಹಲಿ, ಮುಂಬಯಿ ಅಥವಾ ಪರದೇಶದಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು. ಇಂಥ ದೂರದ ಮಾರ್ಗಗಳ ಸೇವೆಯ ಬಗ್ಗೆ ಸರ್ಕಾರವೇ ಗದರಿದ ಎರಡು ಪ್ರಸಂಗಗಳನ್ನು ವಾಚಕ ಬಂಧುಗಳು ತಿಳಿದಿರಬೇಕು.

2024ರ ಫೆಬ್ರುವರಿ 12ರಂದು ನ್ಯೂಯಾರ್ಕ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದ ವೃದ್ಧ ದಂಪತಿಗಳು ಗಾಲಿಕುರ್ಚಿಗೆ ಮೊದಲೇ ಹೇಳಿದ್ದರು. ಸಿಕ್ಕಿದ್ದು ಒಂದೇ. 80 ವರ್ಷದ ಪತಿ ಅದರಲ್ಲಿ ಪತ್ನಿಯನ್ನು ಕೂರಿಸಿ ಜೊತೆಗೆ ನಡೆದರು. ದಾರಿಯಲ್ಲೇ ಕುಸಿದರು, ಉಳಿಯಲಿಲ್ಲ. ಇನ್ನೊಂದು ಕುರ್ಚಿ ಬರುವವರೆಗೆ ಕಾಯಲು ಹೇಳಿದ್ದೆವು ಎಂದು ಸಂಸ್ಥೆಯವರ ಸಮಜಾಯಿಷಿ. ಹೆಂಡತಿಯನ್ನು ಅಪರಿಚಿತರ ಕೈಗೆ ಒಪ್ಪಿಸಿ ಹಿಂದೆ ನಿಲ್ಲುವ ಗಂಡ ನಮ್ಮಲ್ಲಿ ಯಾರಿದ್ದಾರೆ? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 30 ಲಕ್ಷ ರೂಪಾಯಿ ದಂಡ ವಿಧಿಸಿತು.

ಅದೇ ವರ್ಷ ಮೇ 30ರಂದು ಅದೇ ಸಂಸ್ಥೆಯ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ 20 ಗಂಟೆಗೂ ಹೆಚ್ಚು ತಡವಾಯಿತು. ಕಡು ಬೇಸಿಗೆಯಲ್ಲಿ, ಸರಿಯಾದ ಎ.ಸಿ. ಇಲ್ಲದ ವಿಮಾನದೊಳಗೆ ಜನರನ್ನು ಕೂರಿಸಿದ್ದರಿಂದ ಕೆಲವರು ಮೂರ್ಛೆ ಹೋದರೆಂದು ವರದಿಯಾಯಿತು. ಮರುದಿನವೇ ನಿರ್ದೇಶನಾಲಯ ನೋಟಿಸು ಕೊಟ್ಟು ಮೂರು ದಿನದಲ್ಲಿ ಉತ್ತರ ಕೇಳಿತು.

ನೋಟಿಸು, ದಂಡ ಎಲ್ಲ ಬರುವುದು ಕೆಟ್ಟ ಮೇಲೆ. ಸರಕು ಕಳಿಸುವಾಗ ಬಿಲ್ಲು, ಬೇಲು ಎರಡೆರಡು ಸಲ ನೋಡುವ ನಾವು ಹಿರಿಯರನ್ನು ಕಳಿಸುವಾಗ ಟಿಕೆಟ್ಟಿನ ದರ ಮಾತ್ರ ನೋಡುತ್ತೇವೆ. ಕೊಯಮತ್ತೂರಿನಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಮಾಡಿಸಿ. ಬೇರೆ ಬೇರೆ ಮಾಡಿಸಿದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಹೊರುವವರಿಲ್ಲ. ಗಾಲಿಕುರ್ಚಿ ಇಬ್ಬರಿಗೂ ಬೇಕಿದ್ದರೆ ಇಬ್ಬರ ಹೆಸರಿನಲ್ಲೂ, ಹೊರಡುವ 48 ಗಂಟೆ ಮೊದಲೇ ತಿಳಿಸಿ, ಟಿಕೆಟ್ಟಿನಲ್ಲಿ ದಾಖಲಾಗಿದೆಯೇ ನೋಡಿ. ಇಳಿಯುವ ಊರಿನಲ್ಲೂ ಬೇಕೆಂಬುದನ್ನು ಮರೆಯಬೇಡಿ.

ಜೈನ ಊಟವನ್ನೂ ಆಗಲೇ ಹೇಳಿಬಿಡಿ. ಆದರೆ ಅದು ವಿಮಾನ ಹೊರಟರೆ ಸಿಗುವ ಮಾತು. ತಡವಾದಾಗ ನಿಲ್ದಾಣದಲ್ಲಿ ಕೊಡುವ ಪೊಟ್ಟಣದಲ್ಲಿ ಈರುಳ್ಳಿ, ಆಲೂಗಡ್ಡೆ ಇಲ್ಲವೆಂದು ಯಾರು ಹೇಳಬೇಕು? ಸೂರ್ಯಾಸ್ತದ ನಂತರ ಉಣ್ಣದ ಹಿರಿಯರು ಇಡೀ ರಾತ್ರಿ ಬರಿಹೊಟ್ಟೆಯಲ್ಲಿ ಕೂರುತ್ತಾರೆ, ಕೇಳಲು ಸಂಕೋಚ ಬೇರೆ. ಸಕ್ಕರೆ ಕಾಯಿಲೆಯವರಿಗೆ ಇದು ಅಪಾಯ. ಖಾಕ್ರಾ, ಒಣಹಣ್ಣು, ಎರಡು ದಿನದ ಮಾತ್ರೆ ಕೈಚೀಲದಲ್ಲೇ ಇರಲಿ. ಮಗನ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆಗಿಡಿ.