ನಿಲ್ಲಲು ಎಷ್ಟು ದೂರ ಬೇಕು?



ಭೌತಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದರೆ ಆರಂಭದಲ್ಲಿಯೇ ನಿಮಗೆ ಎದುರಾಗುವ ಅಧ್ಯಾಯಗಳಲ್ಲಿ ಸರಳರೇಖೆಯ ಚಲನೆಯೂ ಒಂದು. ಮೂರು ಸಮೀಕರಣಗಳನ್ನು ಬಾಯಿಪಾಠ ಮಾಡುವುದು, ನಾಲ್ಕಾರು ಲೆಕ್ಕಗಳನ್ನು ಬಿಡಿಸುವುದು, ಪರೀಕ್ಷೆಯಲ್ಲಿ ಅಂಕ ಪಡೆದು ಮುಂದಕ್ಕೆ ಹೋಗುವುದು ವಾಡಿಕೆ. ಆದರೆ ಈ ಅಧ್ಯಾಯದಲ್ಲಿ ಜೀವ ಉಳಿಸಬಲ್ಲ ಒಂದು ಸತ್ಯ ಅಡಗಿದೆ. ಅದನ್ನು ಅರ್ಥ ಮಾಡಿಕೊಳ್ಳಲು ಕಠಿಣವಾದ ಗಣಿತ ಬೇಕಿಲ್ಲ. ತೆರೆಯ ಮೇಲೆ ನಕ್ಷೆಯೊಂದು ಕ್ಷಣಕಾಲ ಕಂಡು ಮರೆಯಾಗುತ್ತದೆ. ಇಲ್ಲಿ ನಿಮಗೆ ಆ ಅವಸರವಿಲ್ಲ. ಕಾಗದ, ಪೆನ್ಸಿಲು ಹತ್ತಿರ ಇಟ್ಟುಕೊಂಡು ಓದಿರಿ.

ಮೊದಲು ಒಂದು ಪ್ರಶ್ನೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಬಸ್ಸೊಂದು ಬ್ರೇಕು ಹಿಡಿದ ಮೇಲೆ 10 ಮೀಟರ್ ಮುಂದೆ ಹೋಗಿ ನಿಲ್ಲುತ್ತದೆ. ಅದೇ ಬಸ್ಸು, ಅದೇ ರಸ್ತೆ, ಅದೇ ಬ್ರೇಕು. ವೇಗ ಮಾತ್ರ ಇಮ್ಮಡಿಯಾಗಿ ಗಂಟೆಗೆ 72 ಕಿಲೋಮೀಟರ್ ಆಗಿದೆ. ಈಗ ಬ್ರೇಕು ಹಿಡಿದರೆ ಎಷ್ಟು ದೂರ ಹೋಗಿ ನಿಂತೀತು?

ಬಹಳ ಮಂದಿ 20 ಮೀಟರ್ ಎಂದು ಉತ್ತರಿಸುತ್ತಾರೆ. ವೇಗ ಎರಡರಷ್ಟಾದರೆ ದೂರವೂ ಎರಡರಷ್ಟು ಎಂಬುದು ನಮ್ಮ ಸಹಜ ಊಹೆ. ಆದರೆ ಸರಿಯಾದ ಉತ್ತರ 40 ಮೀಟರ್. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಇದು ಏಕೆ ಹೀಗೆ ಎಂಬುದೇ ಇಂದಿನ ನಮ್ಮ ವಿಷಯ.

ಕೆಲವು ಪದಗಳ ಪರಿಚಯ

ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಅದೇ ದಿನ ಹಿಂದಿರುಗಿದ ಬಸ್ಸು ಸುಮಾರು 280 ಕಿಲೋಮೀಟರ್ ದೂರ ಕ್ರಮಿಸಿರುತ್ತದೆ. ಆದರೆ ಹೊರಟ ಜಾಗಕ್ಕೇ ಮರಳಿರುವುದರಿಂದ ಅದರ ಸ್ಥಾನಪಲ್ಲಟ ಸೊನ್ನೆ. ದೂರಕ್ಕೆ ದಿಕ್ಕಿನ ಗೊಡವೆಯಿಲ್ಲ. ಸ್ಥಾನಪಲ್ಲಟಕ್ಕೆ ದಿಕ್ಕು ಮುಖ್ಯ. ಇದೇ ರೀತಿ, ಒಂದು ಸೆಕೆಂಡಿನಲ್ಲಿ ಎಷ್ಟು ದೂರ ಎಂದು ಮಾತ್ರ ಹೇಳಿದರೆ ಅದು ಜವ. ಯಾವ ದಿಕ್ಕಿನಲ್ಲಿ ಎಂಬುದನ್ನೂ ಸೇರಿಸಿ ಹೇಳಿದರೆ ಅದು ವೇಗ. ಹಿಂದಿರುಗದೆ ಒಂದೇ ದಿಕ್ಕಿನಲ್ಲಿ ನೇರವಾಗಿ ಸಾಗುವ ವಾಹನದ ಮಟ್ಟಿಗೆ ಇವೆರಡರ ಬೆಲೆ ಒಂದೇ. ಹಾಗಾಗಿ ಈ ಲೇಖನದಲ್ಲಿ ವೇಗ ಎಂಬ ಪದವನ್ನಷ್ಟೇ ಬಳಸೋಣ.

ವೇಗ ಬದಲಾಗುವ ದರಕ್ಕೆ ವೇಗೋತ್ಕರ್ಷ ಎಂದು ಹೆಸರು. ವೇಗ ಕಡಿಮೆಯಾಗುತ್ತಿದ್ದರೆ ಅದು ಋಣ ವೇಗೋತ್ಕರ್ಷ. ನಮ್ಮ ಬಸ್ಸಿನ ಬ್ರೇಕು ಪ್ರತಿಯೊಂದು ಸೆಕೆಂಡಿನಲ್ಲಿಯೂ ಅದರ ವೇಗವನ್ನು ಸೆಕೆಂಡಿಗೆ 5 ಮೀಟರಿನಷ್ಟು ತಗ್ಗಿಸುತ್ತದೆ ಎಂದು ಇಟ್ಟುಕೊಳ್ಳೋಣ.

ಇನ್ನೊಂದು ಸಣ್ಣ ಸಿದ್ಧತೆ. ಗಂಟೆಗೆ ಇಷ್ಟು ಕಿಲೋಮೀಟರ್ ಎಂಬುದನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದಾಗುತ್ತದೆ. ಆದ್ದರಿಂದ ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್.

ಗೆಲಿಲಿಯೋನ ಇಳಿಜಾರು ಹಲಗೆ

ವೇಗ ಸಮನಾಗಿ ಏರುತ್ತಿರುವ ಚಲನೆಯನ್ನು ಪ್ರಯೋಗದಿಂದ ಅಳೆದು ನಿಯಮವನ್ನು ಸ್ಥಾಪಿಸಿದ ಕೀರ್ತಿ ಇಟಲಿಯ ಗೆಲಿಲಿಯೋಗೆ (1564–1642) ಸಲ್ಲುತ್ತದೆ. ಮೇಲಿನಿಂದ ಬೀಳುವ ವಸ್ತುವನ್ನು ನೇರವಾಗಿ ಅಳೆಯುವುದು ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ಅದು ಅಷ್ಟು ಬೇಗ ನೆಲ ಮುಟ್ಟುತ್ತದೆ. ಸೆಕೆಂಡಿನ ಭಾಗಗಳನ್ನು ಅಳೆಯುವ ಗಡಿಯಾರವೂ ಇರಲಿಲ್ಲ. ಗೆಲಿಲಿಯೋ ಉಪಾಯವೊಂದನ್ನು ಹೂಡಿದ. ಉದ್ದನೆಯ ಮರದ ತೊಲೆಯಲ್ಲಿ ನೇರವಾದ ಗಾಡಿ ಕೊರೆದು, ಅದನ್ನು ನುಣುಪಾಗಿಸಿ, ತೊಲೆಯನ್ನು ಸ್ವಲ್ಪವೇ ಓರೆಯಾಗಿ ನಿಲ್ಲಿಸಿ, ಕಂಚಿನ ಗುಂಡನ್ನು ಅದರಲ್ಲಿ ಉರುಳಬಿಟ್ಟ. ಓರೆ ಕಡಿಮೆಯಿದ್ದುದರಿಂದ ಗುಂಡು ನಿಧಾನವಾಗಿ ಉರುಳಿತು. ಕಾಲವನ್ನು ಅಳೆಯಲು, ದೊಡ್ಡ ಪಾತ್ರೆಯ ತಳದ ಸಣ್ಣ ಕೊಳವೆಯಿಂದ ಹರಿದ ನೀರನ್ನು ಹಿಡಿದು ತೂಗಿದ. ನೀರಿನ ತೂಕವೇ ಅವನ ಗಡಿಯಾರ!

ಅವನು ಕಂಡುಕೊಂಡದ್ದು ಹೀಗಿದೆ. ಗುಂಡು ಮೊದಲನೆಯ ಕಾಲಾವಧಿಯಲ್ಲಿ 1 ಅಳತೆ ದೂರ ಹೋದರೆ, ಅಷ್ಟೇ ಉದ್ದದ ಎರಡನೆಯ ಅವಧಿಯಲ್ಲಿ 3, ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 7 ಅಳತೆ ಹೋಗುತ್ತದೆ. ಇವು ಬೆಸ ಸಂಖ್ಯೆಗಳು. ಇವನ್ನು ಕೂಡುತ್ತಾ ಹೋಗಿರಿ: 1, 4, 9, 16. ಇವು ವರ್ಗ ಸಂಖ್ಯೆಗಳು. ಅಂದರೆ ಒಟ್ಟು ದೂರವು ಕಾಲದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗೆಲಿಲಿಯೋ ಗೃಹಬಂಧನದಲ್ಲಿದ್ದಾಗ, 1638ರಲ್ಲಿ, ಹಾಲೆಂಡಿನ ಲೈಡನ್ ನಗರದಲ್ಲಿ ಮುದ್ರಣಗೊಂಡ ಅವನ ಕೊನೆಯ ದೊಡ್ಡ ಗ್ರಂಥದಲ್ಲಿ ಈ ಪ್ರಯೋಗದ ವಿವರಣೆಯಿದೆ.

ಇದಕ್ಕೂ ನಮ್ಮ ಬಸ್ಸಿಗೂ ಏನು ಸಂಬಂಧ? ಬ್ರೇಕು ಹಿಡಿದು ನಿಲ್ಲುತ್ತಿರುವ ಬಸ್ಸನ್ನು ಚಿತ್ರೀಕರಿಸಿ, ಆ ಚಿತ್ರಸುರುಳಿಯನ್ನು ಹಿಮ್ಮುಖವಾಗಿ ಓಡಿಸಿದಂತೆ ಕಲ್ಪಿಸಿಕೊಳ್ಳಿ. ನಿಂತಿದ್ದ ಬಸ್ಸು ಹಿಂದಕ್ಕೆ ಹೊರಟು, ಸಮನಾಗಿ ವೇಗ ಹೆಚ್ಚಿಸಿಕೊಳ್ಳುತ್ತಿರುವಂತೆ ಕಾಣುತ್ತದೆ. ಗೆಲಿಲಿಯೋನ ಗುಂಡು ಮಾಡಿದ್ದೂ ಇದನ್ನೇ. ಹಾಗಾದರೆ ಅದೇ ನಿಯಮ ಇಲ್ಲಿಯೂ ಅನ್ವಯಿಸಬೇಕು. ಲೆಕ್ಕ ಹಾಕಿ ನೋಡೋಣ.

ನಿಲ್ಲುವ ಮುನ್ನಿನ ಕೊನೆಯ ಸೆಕೆಂಡಿನಲ್ಲಿ ಬಸ್ಸಿನ ವೇಗ ಸೆಕೆಂಡಿಗೆ 5 ಮೀಟರಿನಿಂದ ಸೊನ್ನೆಗೆ ಇಳಿಯುತ್ತದೆ. ಸರಾಸರಿ ವೇಗ 2.5, ಆದ್ದರಿಂದ ಆ ಸೆಕೆಂಡಿನಲ್ಲಿ 2.5 ಮೀಟರ್ ಸಾಗುತ್ತದೆ. ಅದರ ಹಿಂದಿನ ಸೆಕೆಂಡಿನಲ್ಲಿ ವೇಗ 10ರಿಂದ 5ಕ್ಕೆ ಇಳಿದಿರುತ್ತದೆ, ದೂರ 7.5 ಮೀಟರ್. ಅದಕ್ಕೂ ಹಿಂದೆ 12.5, ಅದಕ್ಕೂ ಹಿಂದೆ 17.5 ಮೀಟರ್. ಇವುಗಳ ಪ್ರಮಾಣ 1, 3, 5, 7 ಎಂಬುದನ್ನು ಗಮನಿಸಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದ ಬಸ್ಸಿಗೆ ಕೊನೆಯ ಎರಡು ಸೆಕೆಂಡುಗಳು ಸಾಕು: 2.5 ಮತ್ತು 7.5 ಸೇರಿ 10 ಮೀಟರ್. ಸೆಕೆಂಡಿಗೆ 20 ಮೀಟರ್ ವೇಗದಲ್ಲಿದ್ದ ಬಸ್ಸಿಗೆ ನಾಲ್ಕೂ ಸೆಕೆಂಡುಗಳು ಬೇಕು: ನಾಲ್ಕನ್ನೂ ಕೂಡಿದರೆ 40 ಮೀಟರ್.

ನಕ್ಷೆ ಹೇಳುವ ಮಾತು

ಇದನ್ನೇ ಚಿತ್ರದಲ್ಲಿ ನೋಡಬೇಕೆ? ಕಾಗದದ ಮೇಲೆ ಅಡ್ಡಗೆರೆಯುದ್ದಕ್ಕೂ ಕಾಲವನ್ನು, ನಿಲುಗೆರೆಯುದ್ದಕ್ಕೂ ವೇಗವನ್ನು ಗುರುತಿಸಿ. ವೇಗ ಬದಲಾಗದ ವಾಹನದ ನಕ್ಷೆ ಅಡ್ಡಗೆರೆಗೆ ಸಮಾಂತರವಾದ ನೇರ ಗೆರೆ. ಅದರ ಕೆಳಗಿನ ಆಯತದ ವಿಸ್ತೀರ್ಣ ಎಂದರೆ ವೇಗ ಗುಣಿಸು ಕಾಲ, ಅಂದರೆ ಕ್ರಮಿಸಿದ ದೂರ. ವೇಗ ಬದಲಾದರೂ ಗೆರೆಯ ಕೆಳಗಿನ ವಿಸ್ತೀರ್ಣವೇ ದೂರ ಎಂಬ ಮಾತು ತಪ್ಪುವುದಿಲ್ಲ.

ಬ್ರೇಕು ಹಿಡಿದ ಬಸ್ಸಿನ ಗೆರೆ ಮೇಲಿನಿಂದ ಓರೆಯಾಗಿ ಇಳಿದು ಅಡ್ಡಗೆರೆಯನ್ನು ಮುಟ್ಟುತ್ತದೆ. ಕೆಳಗೆ ಉಂಟಾಗುವುದು ಒಂದು ತ್ರಿಭುಜ. ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಅದರ ಎತ್ತರ 10, ಪಾದ 2, ವಿಸ್ತೀರ್ಣ 10. ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಎತ್ತರ 20. ಬ್ರೇಕು ಅದೇ ಆದ್ದರಿಂದ ಗೆರೆಯ ಓರೆಯೂ ಅದೇ; ಹಾಗಾಗಿ ಪಾದವೂ ಇಮ್ಮಡಿಯಾಗಿ 4 ಆಗುತ್ತದೆ. ವಿಸ್ತೀರ್ಣ 40. ಹೆಚ್ಚು ವೇಗದ ಬಸ್ಸು ಎರಡು ಪಟ್ಟು ಹೊತ್ತು ಓಡುತ್ತದೆ, ಆ ಹೊತ್ತಿನಲ್ಲಿ ಸರಾಸರಿ ಎರಡು ಪಟ್ಟು ವೇಗದಲ್ಲಿಯೂ ಓಡುತ್ತದೆ. ಎರಡೆರಡಲ ನಾಲ್ಕು. ಗುಟ್ಟು ಇಷ್ಟೇ.

ನೀವು ಬಾಯಿಪಾಠ ಮಾಡುವ ಮೂರನೆಯ ಸಮೀಕರಣ ಹೇಳುವುದೂ ಇದನ್ನೇ: ನಿಲ್ಲುವ ದೂರ ಬೇಕೆಂದರೆ ವೇಗದ ವರ್ಗವನ್ನು ಋಣ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ.

ಕಾಲು ಬ್ರೇಕನ್ನು ಮುಟ್ಟುವ ಮುನ್ನ

ಇಲ್ಲಿಯವರೆಗೆ ನಾವು ಲೆಕ್ಕ ಹಾಕಿದ್ದು ಬ್ರೇಕು ಹಿಡಿದ ಮೇಲಿನ ದೂರವನ್ನು ಮಾತ್ರ. ಆದರೆ ಅಪಾಯ ಕಣ್ಣಿಗೆ ಬಿದ್ದ ಕೂಡಲೇ ಬ್ರೇಕು ತಾನಾಗಿ ಬೀಳುವುದಿಲ್ಲ. ಕಣ್ಣು ಕಾಣಬೇಕು, ಮೆದುಳು ಗ್ರಹಿಸಬೇಕು, ಕಾಲು ಸರಿಯಬೇಕು. ಇದಕ್ಕೆ ತಗಲುವ ಹೊತ್ತೇ ಪ್ರತಿಕ್ರಿಯಾ ಕಾಲ.

ಇದನ್ನು ನೀವು ಮನೆಯಲ್ಲಿಯೇ ಅಳೆಯಬಹುದು. ಗೆಳೆಯರೊಬ್ಬರು 30 ಸೆಂಟಿಮೀಟರಿನ ಅಡಿಪಟ್ಟಿಯನ್ನು ಮೇಲ್ತುದಿಯಲ್ಲಿ ಹಿಡಿದು ನೇರವಾಗಿ ತೂಗಬಿಡಲಿ. ಕೆಳತುದಿಯ ಸೊನ್ನೆಯ ಬಳಿ ನಿಮ್ಮ ಹೆಬ್ಬೆರಳು, ತೋರುಬೆರಳುಗಳನ್ನು ಮುಟ್ಟದಂತೆ ಇಟ್ಟಿರಿ. ಸೂಚನೆ ಕೊಡದೆ ಅವರು ಪಟ್ಟಿಯನ್ನು ಬಿಟ್ಟಾಗ ಹಿಡಿಯಿರಿ. ಪಟ್ಟಿ 20 ಸೆಂಟಿಮೀಟರ್ ಜಾರಿದ್ದರೆ ನಿಮಗೆ ತಗಲಿದ ಕಾಲ ಸುಮಾರು 0.2 ಸೆಕೆಂಡು. ಏಕೆಂದರೆ ಪಟ್ಟಿಯೂ ಸರಳರೇಖೆಯಲ್ಲಿ, ಸಮ ವೇಗೋತ್ಕರ್ಷದಿಂದ ಬೀಳುತ್ತದೆ. ಭೂಮಿಯ ಗುರುತ್ವದಿಂದ ಅದರ ವೇಗ ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತದೆ.

ಆದರೆ ಇದು ಕಾದು ಕುಳಿತ ಬೆರಳುಗಳ ಕಥೆ. ಅನಿರೀಕ್ಷಿತವಾಗಿ ಎದುರಾದ ಅಪಾಯವನ್ನು ಗುರುತಿಸಿ ಕಾಲನ್ನು ಬ್ರೇಕಿಗೆ ತರಲು ಒಂದು ಸೆಕೆಂಡು ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಅಷ್ಟು ಹೊತ್ತು ವಾಹನ ಪೂರ್ಣ ವೇಗದಲ್ಲಿಯೇ ಓಡುತ್ತಿರುತ್ತದೆ. ಒಂದು ಸೆಕೆಂಡು ಎಂದು ಹಿಡಿದರೂ 36 ಕಿಲೋಮೀಟರ್ ವೇಗದ ಬಸ್ಸಿಗೆ ಒಟ್ಟು ದೂರ 10 ಮತ್ತು 10 ಸೇರಿ 20 ಮೀಟರ್. 72 ಕಿಲೋಮೀಟರ್ ವೇಗದ ಬಸ್ಸಿಗೆ 20 ಮತ್ತು 40 ಸೇರಿ 60 ಮೀಟರ್. ದೂರವಾಣಿಯತ್ತ ನೋಡುತ್ತಾ ಓಡಿಸುವ ಚಾಲಕ ಎರಡು ಸೆಕೆಂಡು ತಡ ಮಾಡಿದರೆ ಇನ್ನೂ 40 ಮೀಟರನ್ನು ಇದಕ್ಕೆ ಸೇರಿಸಿ.

ಇಪ್ಪತ್ತು ಮೀಟರ್ ಮುಂದೆ ಒಂದು ಮಗು

ಈಗ ಮುಖ್ಯವಾದ ಲೆಕ್ಕ. ಶಾಲೆಯ ಮುಂದಿನ ರಸ್ತೆಗೆ, ವಾಹನದಿಂದ ಸರಿಯಾಗಿ 20 ಮೀಟರ್ ಮುಂದೆ, ಒಂದು ಮಗು ಓಡಿ ಬಂತೆಂದು ಭಾವಿಸಿ. ಚಾಲಕ ಎಚ್ಚರವಾಗಿದ್ದಾನೆ, ಒಂದು ಸೆಕೆಂಡಿನಲ್ಲಿ ಬ್ರೇಕು ಒತ್ತುತ್ತಾನೆ.

ವೇಗ 36 ಕಿಲೋಮೀಟರ್ ಆಗಿದ್ದರೆ ವಾಹನ ಮಗುವಿನ ಎದುರಿಗೆ ಬಂದು ನಿಲ್ಲುತ್ತದೆ. ಮಗು ಉಳಿಯುತ್ತದೆ.

ವೇಗ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ಆಗಿದ್ದರೆ? ಬ್ರೇಕು ಒತ್ತುವಷ್ಟರಲ್ಲಿಯೇ 15 ಮೀಟರ್ ಮುಗಿದಿರುತ್ತದೆ. ಉಳಿದದ್ದು 5 ಮೀಟರ್. 15ರ ವರ್ಗ 225. ಅದರಿಂದ 2, 5, 5ರ ಗುಣಲಬ್ಧ 50ನ್ನು ಕಳೆದರೆ 175. ಅದರ ವರ್ಗಮೂಲ ಸುಮಾರು 13.2. ಮಗುವನ್ನು ತಲುಪಿದಾಗಲೂ ವಾಹನದ ವೇಗ ಗಂಟೆಗೆ 47 ಕಿಲೋಮೀಟರಿಗಿಂತ ಹೆಚ್ಚು! ಸುಮಾರು 9 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲಕ್ಕೆ ಅಪ್ಪಳಿಸುವ ವೇಗ ಇದು. ಕೇವಲ 18 ಕಿಲೋಮೀಟರ್ ಹೆಚ್ಚಿನ ವೇಗ ಹೊತ್ತು ತಂದ ವ್ಯತ್ಯಾಸ ಇಷ್ಟು. ಬ್ರೇಕು ಆರಂಭದಲ್ಲಿ ವೇಗವನ್ನು ಸ್ವಲ್ಪವೇ ತಗ್ಗಿಸುತ್ತದೆ. ವೇಗದ ಬಹುಪಾಲು ಇಳಿಯುವುದು ಕೊನೆಯ ಕೆಲವು ಮೀಟರುಗಳಲ್ಲಿ. ಆ ಕೊನೆಯ ಮೀಟರುಗಳೇ ಇಲ್ಲಿ ಸಿಗಲಿಲ್ಲ.

ವೇಗ 72 ಕಿಲೋಮೀಟರ್ ಆಗಿದ್ದರೆ ಲೆಕ್ಕವೇ ಬೇಡ. ಕಾಲು ಬ್ರೇಕನ್ನು ಮುಟ್ಟುವ ಹೊತ್ತಿಗೆ 20 ಮೀಟರ್ ಮುಗಿದು ಹೋಗಿರುತ್ತದೆ.

ಮಳೆಗಾಲದ ಒದ್ದೆ ರಸ್ತೆಯಲ್ಲಿ ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆ ಕಡಿಮೆಯಾಗುತ್ತದೆ. ಋಣ ವೇಗೋತ್ಕರ್ಷ ಅರ್ಧಕ್ಕೆ ಇಳಿದರೆ ಬ್ರೇಕಿನ ದೂರ ಇಮ್ಮಡಿಯಾಗುತ್ತದೆ. ರೈಲಿನಲ್ಲಿ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವುದರಿಂದ ಹಿಡಿತ ಇನ್ನೂ ಕಡಿಮೆ. ಗಂಟೆಗೆ 108 ಕಿಲೋಮೀಟರ್ ವೇಗದ ರೈಲಿನ ವೇಗ ಪ್ರತಿ ಸೆಕೆಂಡಿನಲ್ಲಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ತಗ್ಗುತ್ತದೆಂದು ಹಿಡಿದರೆ, ಅದು ನಿಲ್ಲಲು 60 ಸೆಕೆಂಡು ಮತ್ತು 900 ಮೀಟರ್ ಬೇಕು. ಮುಚ್ಚಿದ ರೈಲ್ವೆ ಗೇಟಿನಡಿ ನುಸುಳುವವರನ್ನು ಚಾಲಕ ಕಂಡರೂ ಆತ ಏನೂ ಮಾಡಲಾರ.

ಪಾಠ ಮತ್ತು ರಸ್ತೆ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ವರದಿ ಹೆಸರಿಸುವ ಕಾರಣಗಳಲ್ಲಿ ಅತಿವೇಗದ್ದೇ ಮೊದಲ ಸ್ಥಾನ. 1988ರ ಮೋಟಾರು ವಾಹನಗಳ ಕಾಯಿದೆ ವೇಗಕ್ಕೆ ಮಿತಿ ವಿಧಿಸುತ್ತದೆ. ಆದರೆ ಕಾಯಿದೆಯನ್ನು ಮೀರುವ ಅನೇಕರಿಗೆ ವೇಗದ ಜೊತೆಗೆ ವರ್ಗವೊಂದು ಅಡಗಿ ಕುಳಿತಿದೆ ಎಂಬುದು ತಿಳಿದಿಲ್ಲ. ನಿಮಗೆ ಈಗ ತಿಳಿದಿದೆ. ಇಂದು ನೀವು ರಸ್ತೆ ದಾಟುವವರು, ನಾಳೆ ಸ್ಕೂಟರು ಓಡಿಸುವವರು. ಬರುತ್ತಿರುವ ವಾಹನ ದೂರದಲ್ಲಿದೆ ಎಂದು ಕಂಡಾಗ, ದೂರದ ಜೊತೆಗೆ ಅದರ ವೇಗವನ್ನೂ ಗಮನಿಸುವ ಅಭ್ಯಾಸ ಮಾಡಿಕೊಳ್ಳಿ.

ಕೊನೆಯಲ್ಲಿ ನಿಮಗೊಂದು ಅಭ್ಯಾಸ. ಗಂಟೆಗೆ 90 ಕಿಲೋಮೀಟರ್ ವೇಗದ ಕಾರಿಗೆ, ಪ್ರತಿಕ್ರಿಯಾ ಕಾಲ ಒಂದು ಸೆಕೆಂಡು, ಬ್ರೇಕು ಮೇಲಿನಂತೆಯೇ ಎಂದು ಹಿಡಿದು, ನಿಲ್ಲಲು ಬೇಕಾದ ಒಟ್ಟು ದೂರವನ್ನು ಕಂಡುಹಿಡಿಯಿರಿ. 87.5 ಮೀಟರ್ ಬಂದರೆ ಪಾಠ ನಿಮಗೆ ಅರ್ಥವಾಗಿದೆ. ಆ ದೂರವನ್ನು ನಿಮ್ಮ ಶಾಲೆಯ ಆಟದ ಮೈದಾನದಲ್ಲಿ ಹೆಜ್ಜೆಯಿಂದ ಅಳೆದು ನೋಡಿ, ಮನೆಯಲ್ಲಿ ವಾಹನ ಓಡಿಸುವವರಿಗೂ ತೋರಿಸಿ.