ಆವರ್ತನವೂ ಅದರೊಳಗಿನ ಖಾಲಿಯೂ

‘ಆವರ್ತ’ ಎಂಬ ಶಬ್ದಕ್ಕೆ ತಿರುಗುವುದು, ಮರಳಿ ಬರುವುದು ಎಂಬ ಅರ್ಥವಿದೆ. ಹೊಳೆಯ ಸುಳಿಗೂ ಅದೇ ಹೆಸರು. ಈ ಒಂದೇ ಶಬ್ದವನ್ನು ಪರಸ್ಪರ ದೂರವೆಂದು ತೋರುವ ಮೂರು ಶಾಸ್ತ್ರಗಳು ತಮ್ಮದನ್ನಾಗಿ ಮಾಡಿಕೊಂಡಿವೆ. ಸಂಗೀತಗಾರನಿಗೆ ತಾಳದ ಒಂದು ಪೂರ್ಣ ಸುತ್ತು ‘ಆವರ್ತನ’. ರಸಾಯನಶಾಸ್ತ್ರಜ್ಞನಿಗೆ ಮೂಲವಸ್ತುಗಳ ಪಟ್ಟಿಯು ‘ಆವರ್ತ ಕೋಷ್ಟಕ’. ಬಿಟ್ಟು ಮತ್ತೆ ಬರುವ ಜ್ವರವನ್ನು ಆಯುರ್ವೇದವು ‘ಪುನರಾವರ್ತಕ ಜ್ವರ’ವೆಂದು ಕರೆದಿದೆ. ಹೆಸರಿನ ಈ ಸಾಮ್ಯವು ಕೇವಲ ಆಕಸ್ಮಿಕವೋ ಅಥವಾ ಇದರ ಹಿಂದೆ ಒಂದು ತತ್ತ್ವವಿದೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳುವುದಕ್ಕೆ ಹುಬ್ಬಳ್ಳಿ-ಧಾರವಾಡಕ್ಕಿಂತ ಯೋಗ್ಯವಾದ ಸ್ಥಳ ದೊರೆಯುವುದು ವಿರಳ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಯಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪನೆಗೊಂಡಿತು. ಇವೆರಡಕ್ಕೂ ಸಮೀಪದಲ್ಲಿಯೇ, ಯಾವ ಕಟ್ಟಡದ ಹಂಗೂ ಇಲ್ಲದೆ, ಹಿಂದುಸ್ತಾನಿ ಸಂಗೀತದ ಪರಂಪರೆಯೊಂದು ಬೇರೂರಿತು. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಧಾರವಾಡದ ಮಲ್ಲಿಕಾರ್ಜುನ ಮನ್ಸೂರ ಹಾಗೂ ಬಸವರಾಜ ರಾಜಗುರು ಇವರ ಹೆಸರುಗಳು ಸರ್ವವಿದಿತ. ವಿಜ್ಞಾನ, ವೈದ್ಯ, ಸಂಗೀತ ಈ ಮೂರೂ ಒಂದೇ ರಸ್ತೆಯ ಎರಡು ತುದಿಗಳ ನಡುವೆ ನೆಲೆಸಿವೆಯೆಂದರೆ ತಪ್ಪಾಗದು.

ಮೊದಲು ಎಣಿಕೆಯ ಕ್ರಮವನ್ನು ಗಮನಿಸಬೇಕು. ವಾರಕ್ಕೊಮ್ಮೆ ಕೂಡುವ ಸಂತೆಯನ್ನು ನಮ್ಮ ಜನರು ‘ಎಂಟು ದಿನಕ್ಕೊಮ್ಮೆ’ ಎನ್ನುತ್ತಾರೆ. ಎರಡು ವಾರಗಳ ಅವಧಿಯನ್ನು ‘ಹದಿನೈದು ದಿನ’ ಎನ್ನುತ್ತಾರೆ. ಲೆಕ್ಕಕ್ಕೆ ಅವು ಏಳು ಮತ್ತು ಹದಿನಾಲ್ಕು. ಆದರೆ ಇದನ್ನು ಅಜ್ಞಾನವೆನ್ನಲಾಗದು. ಹೊರಟ ದಿನವನ್ನೂ ಮರಳಿದ ದಿನವನ್ನೂ ಕೂಡಿಸಿಯೇ ಎಣಿಸುವ ಪದ್ಧತಿಯಿದು. ಸಪ್ತಕದ ಏಳು ಸ್ವರಗಳನ್ನು ಹಾಡಿದವನು ಎಂಟನೆಯದಾದ ತಾರ ಷಡ್ಜವನ್ನು ಮುಟ್ಟಿದಾಗಲೇ ತೃಪ್ತನಾಗುತ್ತಾನೆ. ಹದಿನಾರು ಮಾತ್ರೆಗಳ ತ್ರಿತಾಲವು ಹದಿನಾರನೆಯ ಮಾತ್ರೆಗೆ ಮುಗಿಯುವುದಿಲ್ಲ. ಮುಂದಿನ ಸುತ್ತಿನ ಮೊದಲನೆಯ ಮಾತ್ರೆಯಾದ ‘ಸಮ’ದ ಮೇಲೆ ಬಿದ್ದಾಗಲೇ ಮುಗಿಯುತ್ತದೆ. ಒಂದು ಸುತ್ತಿನ ಅಂತ್ಯವೇ ಮತ್ತೊಂದರ ಆದಿ. ಮರಳಿ ಬಂದಿತೆಂದು ಹೇಳಬೇಕಾದರೆ ಹೊರಟ ಸ್ಥಾನದ ನೆನಪಿರಬೇಕು. ಆವರ್ತನದ ಮೊದಲ ಲಕ್ಷಣವೇ ಈ ನೆನಪು.

ಎರಡನೆಯ ಲಕ್ಷಣವು ಇಷ್ಟು ಸುಲಭವಾಗಿ ಗೋಚರಿಸುವುದಿಲ್ಲ. ತ್ರಿತಾಲದಲ್ಲಿ ನಾಲ್ಕು ನಾಲ್ಕು ಮಾತ್ರೆಗಳ ನಾಲ್ಕು ವಿಭಾಗಗಳಿವೆ. ಮೂರು ವಿಭಾಗಗಳ ಆರಂಭಕ್ಕೆ ಚಪ್ಪಾಳೆ. ಒಂಬತ್ತನೆಯ ಮಾತ್ರೆಯಿಂದ ಆರಂಭವಾಗುವ ವಿಭಾಗಕ್ಕೆ ಚಪ್ಪಾಳೆಯಿಲ್ಲ, ಕೈಯನ್ನು ಬೀಸಿ ಬಿಡುವುದು ಮಾತ್ರ. ಇದಕ್ಕೆ ‘ಖಾಲಿ’ ಎಂದು ಹೆಸರು. ಅಲ್ಲಿ ತಬಲಾವಾದಕನು ಎಡಗೈಯ ಡಗ್ಗದ ಗಂಭೀರ ನಾದವನ್ನು ಹಿಂತೆಗೆದುಕೊಳ್ಳುತ್ತಾನೆ. ಬಲಗೈಯ ಬೋಲುಗಳಷ್ಟೇ ಉಳಿಯುತ್ತವೆ. ಎಲ್ಲ ವಿಭಾಗಗಳೂ ಒಂದೇ ತೂಕದಿಂದ ನುಡಿದರೆ ಗಾಯಕನಿಗೆ ತಾನು ಸುತ್ತಿನ ಯಾವ ಎಡೆಯಲ್ಲಿದ್ದೇನೆಂಬುದು ತಿಳಿಯದು. ನಾದವು ತೆಳುವಾದ ಕೂಡಲೇ ಅರ್ಧ ದಾರಿ ಕ್ರಮಿಸಿತು, ಸಮವು ಇನ್ನು ಇಷ್ಟೇ ದೂರದಲ್ಲಿದೆ ಎಂಬ ಅರಿವು ಮೂಡುತ್ತದೆ. ಕಿರಾನಾ ಘರಾಣೆಯ ಅತಿ ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಗಳ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುವುದುಂಟು. ಅಷ್ಟು ದೀರ್ಘವಾದ ಸುತ್ತಿನಲ್ಲಿ ದಾರಿ ತಪ್ಪದಿರುವುದಕ್ಕೆ ತುಂಬಿದ ಪೆಟ್ಟುಗಳಷ್ಟೇ ಖಾಲಿಯೂ ಆಧಾರ. ಖಾಲಿಯೆಂದರೆ ಏನೂ ಇಲ್ಲದ ಸ್ಥಳವಲ್ಲ. ಅದು ಸುತ್ತಿನ ಅಂಗವೇ ಆಗಿದೆ.

ತಾಳದಲ್ಲಿ ಕಿವಿಗೆ ಎಣಿಕೆಗೆ ಸಿಗುವ ಆವರ್ತನವೇ ಅತ್ಯಂತ ವೇಗವನ್ನು ತಾಳಿದಾಗ ಸ್ವರವಾಗುತ್ತದೆ. ತಂತಿಯು ಒಂದು ಸೆಕೆಂಡಿಗೆ ನೂರಾರು ಬಾರಿ ಅತ್ತಿತ್ತ ಚಲಿಸಿದಾಗ ಕಿವಿಯು ಆ ಚಲನೆಗಳನ್ನು ಬಿಡಿಬಿಡಿಯಾಗಿ ಎಣಿಸಲಾರದೆ ಒಂದೇ ಸ್ವರವೆಂದು ಗ್ರಹಿಸುತ್ತದೆ. ಕಂಪನಗಳ ಸಂಖ್ಯೆ ಇಮ್ಮಡಿಯಾದರೆ ತಾರ ಷಡ್ಜ, ಒಂದೂವರೆ ಪಟ್ಟಾದರೆ ಪಂಚಮ. ಮೀರಜಿನಿಂದ ಈ ಭಾಗದ ಗಾಯಕರ ಮನೆಗಳಿಗೆ ಬರುವ ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರವನ್ನು ಸರಿಸಿ ‘ಜವಾರಿ’ ತೆಗೆಯುತ್ತಾರೆ. ಹಾಗೆ ಮಾಡಿದಾಗ ಮೂಲಸ್ವರದೊಡನೆ ಅದರ ಇಮ್ಮಡಿ, ಮುಮ್ಮಡಿ ಕಂಪನಗಳ ಉಪಸ್ವರಗಳೂ ಅರಳುತ್ತವೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರವು ಹುಟ್ಟಬಾರದೆಂದು ಪಾಶ್ಚಾತ್ಯ ನಿಯಮವು ಹೇಳುತ್ತಿತ್ತೋ, ಅದು ಕೂಡ ತಂಬೂರಿಯಲ್ಲಿ ಕೇಳಿಬರುವುದನ್ನು ಚಂದ್ರಶೇಖರ ವೆಂಕಟರಾಮನ್ ಅವರು 1921ರಲ್ಲಿ ತೋರಿಸಿದರು. ಇದಕ್ಕೂ ಮುಂಚೆ, 1920ರಲ್ಲಿ, ಮೃದಂಗ-ತಬಲಾಗಳ ಬಗೆಗೆ ‘ನೇಚರ್’ ಪತ್ರಿಕೆಯಲ್ಲಿ ಅವರ ಲೇಖನವು ಪ್ರಕಟವಾಗಿತ್ತು. ಸಾದಾ ಚರ್ಮದ ವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದ ಅದರಿಂದ ಸದ್ದು ಹುಟ್ಟುತ್ತದೆ, ಸ್ವರ ಹುಟ್ಟುವುದಿಲ್ಲ. ನಮ್ಮ ಕುಶಲಕರ್ಮಿಗಳು ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರವು ಆ ಕಂಪನಗಳನ್ನು ಸರಿಯಾದ ಪ್ರಮಾಣಕ್ಕೆ ತಂದು ನಿಲ್ಲಿಸುತ್ತದೆ. ರಾಮನ್ ಅವರು ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ 1934ರಲ್ಲಿ ಈ ವಿಷಯವನ್ನು ಮತ್ತಷ್ಟು ವಿಸ್ತಾರವಾಗಿ ವಿವೇಚಿಸಿದರು.

ಮನುಷ್ಯನ ಕಂಠವೂ ಈ ನಿಯಮಕ್ಕೆ ಹೊರತಲ್ಲ. ಪುರುಷರ ಸಾಮಾನ್ಯ ಮಾತಿನಲ್ಲಿ ಸ್ವರತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಬಾರಿಯೂ ಸ್ತ್ರೀಯರಲ್ಲಿ ಸುಮಾರು 200 ಬಾರಿಯೂ ಕಂಪಿಸುತ್ತವೆ. ಗಂಗೂಬಾಯಿಯವರಿಗೆ ಮೊದಲು ಇದ್ದುದು ತೆಳುವಾದ, ಎತ್ತರದ ಧ್ವನಿ. ಗಂಟಲಿನ ವ್ಯಾಧಿಗೆ ಚಿಕಿತ್ಸೆ ಪಡೆದ ತರುವಾಯ ಅದು ಪುರುಷಧ್ವನಿಯಂತೆ ಗಡುಸಾಯಿತು. ವೈದ್ಯದ ದೃಷ್ಟಿಯಿಂದ ಇದು ಕಂಪನಸಂಖ್ಯೆಯ ಇಳಿತ ಮಾತ್ರ. ಗಾಯಕಿಯ ಪಾಲಿಗೆ ಇದು ಇದ್ದ ಬಂಡವಾಳವೇ ಕೈಬಿಟ್ಟಂತೆ. ಆದರೂ ಅವರು ಹೊಸ ಷಡ್ಜವನ್ನು ಹಿಡಿದು, ಕಲಿತ ಪಾಠವನ್ನೇ ಮರಳಿ ಮರಳಿ ಸಾಧಿಸಿ, 2009ರಲ್ಲಿ ತೀರಿಕೊಳ್ಳುವವರೆಗೂ ಆ ಗಂಭೀರ ಧ್ವನಿಯನ್ನೇ ತಮ್ಮ ಗುರುತನ್ನಾಗಿ ಉಳಿಸಿಕೊಂಡರು. ಸ್ವರಗಳ ಪರಸ್ಪರ ಪ್ರಮಾಣವು ಕೆಡದಿದ್ದರೆ ಆಧಾರಸ್ವರವು ಎಲ್ಲಿದ್ದರೂ ರಾಗವು ರಾಗವೇ.

ರಸಾಯನಶಾಸ್ತ್ರದ ಚರಿತ್ರೆಯು ಖಾಲಿಯ ಮಹತ್ವಕ್ಕೆ ಬೇರೊಂದು ರೀತಿಯ ಸಾಕ್ಷಿ. 1865ರಲ್ಲಿ ಇಂಗ್ಲೆಂಡಿನ ಜಾನ್ ನ್ಯೂಲ್ಯಾಂಡ್ಸ್ ಎಂಬವರು ಮೂಲವಸ್ತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಬರೆದಾಗ ಪ್ರತಿ ಎಂಟನೆಯದು ಮೊದಲನೆಯದನ್ನು ಹೋಲುವುದನ್ನು ಕಂಡು ಅದಕ್ಕೆ ಸಂಗೀತದ ಸಪ್ತಕದ ಹೆಸರನ್ನೇ ಕೊಟ್ಟರು. ಮರುವರ್ಷ ಲಂಡನ್ನಿನ ರಸಾಯನ ಸಂಘದ ಸಭೆಯಲ್ಲಿ, ಹೆಸರುಗಳ ಅಕ್ಷರಾನುಕ್ರಮದಿಂದ ಜೋಡಿಸಿ ನೋಡಿದ್ದೀರಾ ಎಂದು ಸದಸ್ಯರೊಬ್ಬರು ಅವರನ್ನು ಪರಿಹಾಸ್ಯ ಮಾಡಿದರು. ಪರಿಹಾಸ್ಯವು ಅನುಚಿತವಾಗಿತ್ತು, ಆದರೆ ಅವರ ಪಟ್ಟಿಯಲ್ಲಿ ಒಂದು ನಿಜವಾದ ದೋಷವಿತ್ತು. ಅವರು ಎಲ್ಲ ಸ್ಥಾನಗಳನ್ನೂ ತುಂಬಿಬಿಟ್ಟಿದ್ದರು, ಕೆಲವೆಡೆ ಒಂದೇ ಮನೆಯಲ್ಲಿ ಇಬ್ಬರನ್ನು ಕೂಡಿಸಿದ್ದರು. 1869ರಲ್ಲಿ ರಷ್ಯಾದ ಮೆಂಡೆಲೀವ್ ಕೋಷ್ಟಕವನ್ನು ರಚಿಸಿದಾಗ ಹೊಂದದ ಕಡೆ ಮನೆಗಳನ್ನು ಖಾಲಿ ಬಿಟ್ಟರು. ಆವರ್ತನವು ಸತ್ಯವಾದರೆ ಅಲ್ಲಿ ಇರಬೇಕಾದುದು ಇನ್ನೂ ಪತ್ತೆಯಾಗಿಲ್ಲವೆಂದೇ ಅರ್ಥ ಎಂದು ಸಾರಿ, ಆ ಅಜ್ಞಾತ ವಸ್ತುಗಳಿಗೆ ಸಂಸ್ಕೃತದ ‘ಏಕ’ ಶಬ್ದವನ್ನು ಸೇರಿಸಿ ಏಕ-ಅಲ್ಯೂಮಿನಿಯಮ್, ಏಕ-ಸಿಲಿಕಾನ್ ಎಂದು ಹೆಸರಿಟ್ಟರು. 1875ರಲ್ಲಿ ಗ್ಯಾಲಿಯಮ್, 1886ರಲ್ಲಿ ಜರ್ಮೇನಿಯಮ್ ದೊರೆತು ಆ ಎರಡು ಮನೆಗಳೂ ತುಂಬಿದವು. ಏಕ-ಸಿಲಿಕಾನಿನ ಪರಮಾಣು ತೂಕವು 72 ಎಂದು ಅವರು ಊಹಿಸಿದ್ದರು. ದೊರೆತ ಜರ್ಮೇನಿಯಮ್ಮಿನದು 72.6. ಖಾಲಿಯನ್ನು ಖಾಲಿಯಾಗಿಯೇ ಉಳಿಸುವ ಧೈರ್ಯವು ಭವಿಷ್ಯವನ್ನು ನುಡಿಯುವ ಶಕ್ತಿಯಾಗಿ ಪರಿಣಮಿಸಿತು.

ವೈದ್ಯಶಾಸ್ತ್ರದಲ್ಲಿ ಆವರ್ತನದ ಪ್ರಥಮ ದರ್ಶನವಾಗುವುದು ನಾಡಿಯಲ್ಲಿ. ಲೋಲಕದ ತೂಗಾಟವನ್ನು ಅಭ್ಯಸಿಸಿದ ಗೆಲಿಲಿಯೋ ಮೊದಲು ವೈದ್ಯವಿದ್ಯಾರ್ಥಿ. ಅವರ ತಂದೆ ವಿನ್ಚೆನ್ಸೊ ವೀಣೆಯಂತಹ ತಂತಿವಾದ್ಯವನ್ನು ನುಡಿಸುತ್ತ ತಂತಿಗಳ ಮೇಲೆ ಪ್ರಯೋಗ ನಡೆಸಿದವರು. ಮೂರೂ ಶಾಸ್ತ್ರಗಳು ಅಲ್ಲಿ ಒಂದೇ ಮನೆಯಲ್ಲಿದ್ದವು. ಸೆಕೆಂಡಿನ ಮುಳ್ಳಿನ ಗಡಿಯಾರವಿಲ್ಲದ ಆ ಕಾಲದಲ್ಲಿ, 17ನೆಯ ಶತಮಾನದ ಆರಂಭಕ್ಕೆ, ಸಾಂಟೋರಿಯೋ ಎಂಬ ವೈದ್ಯರು ಲೋಲಕದ ದಾರವನ್ನು ಹೆಚ್ಚುಕಡಿಮೆ ಮಾಡಿ ಅದರ ತೂಗಾಟವು ರೋಗಿಯ ನಾಡಿಗೆ ಸರಿಹೊಂದಿದಾಗ ದಾರದ ಉದ್ದವನ್ನೇ ನಾಡಿಯ ಅಳತೆಯಾಗಿ ಗುರುತಿಸುತ್ತಿದ್ದರು. ತಬಲಾವಾದಕನು ಗಾಯಕನ ಲಯಕ್ಕೆ ಠೇಕಾವನ್ನು ಹೊಂದಿಸುವುದೂ ಇದೇ ಬಗೆಯಲ್ಲಿ.

ನಿಮಿಷಕ್ಕೆ 72ರಂತೆ ಮಿಡಿಯುವ ಹೃದಯವು ಒಂದು ಹಗಲು-ರಾತ್ರಿಯಲ್ಲಿ ಲಕ್ಷಕ್ಕೂ ಮಿಕ್ಕಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಒಂದು ಸಂಕೋಚ, ಒಂದು ವಿಶ್ರಾಂತಿ. ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ನಾಳಗಳು ಬಹುಮಟ್ಟಿಗೆ ತುಂಬುವುದು ಆ ವಿಶ್ರಾಂತಿಯ ಅವಧಿಯಲ್ಲಿಯೇ. ಜಗತ್ತಿಗೆ ರಕ್ತವನ್ನು ಹಂಚುವ ಹೃದಯವು ತಾನು ಉಣ್ಣುವುದು ಖಾಲಿಯಲ್ಲಿ! ಇನ್ನೊಂದು ಸಂಗತಿಯೂ ಗಮನಾರ್ಹ. ಆರೋಗ್ಯವಂತನ ಮಿಡಿತವು ಯಂತ್ರದಷ್ಟು ಸಮವಾಗಿರುವುದಿಲ್ಲ. ಉಸಿರನ್ನು ಒಳಗೆಳೆದಾಗ ತುಸು ಚುರುಕಾಗಿ, ಹೊರಬಿಟ್ಟಾಗ ತುಸು ನಿಧಾನವಾಗುತ್ತದೆ. ಗರ್ಭಸ್ಥ ಶಿಶುವಿನ ಹೃದಯಬಡಿತದಲ್ಲಿ ಈ ಏರಿಳಿತವು ಬಹು ಹೊತ್ತು ಕಾಣದಾದರೆ ಹೆರಿಗೆಯ ವೈದ್ಯರು ಆತಂಕಗೊಳ್ಳುತ್ತಾರೆ. ಜೀವಂತ ಆವರ್ತನವೆಂದರೆ ಅಚ್ಚು ಒತ್ತಿದ ಪುನರುಕ್ತಿಯಲ್ಲ. ಒಂದೇ ಬಂದಿಶಿನ ಮುಖಡಾವನ್ನು ಮನ್ಸೂರರು ನೂರು ಬಾರಿ ಹಿಡಿದರೂ ಪ್ರತಿಸಲವೂ ಬೇರೊಂದು ದಾರಿಯಿಂದ ಸಮಕ್ಕೆ ಬರುತ್ತಿದ್ದುದನ್ನು ಕೇಳಿದವರು ಬಲ್ಲರು.

ಖಾಲಿಯನ್ನು ತಪ್ಪಾಗಿ ತಿಳಿದುಕೊಂಡರೆ ಪ್ರಾಣಕ್ಕೇ ಸಂಚಕಾರವೆಂಬುದನ್ನು ಬಿಟ್ಟು ಬಿಟ್ಟು ಬರುವ ಜ್ವರವು ತೋರಿಸುತ್ತದೆ. ಚರಕ ಸಂಹಿತೆಯು ವಿಷಮಜ್ವರಗಳನ್ನು ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕವೆಂದು ಐದಾಗಿ ವಿಂಗಡಿಸಿದೆ. ಇಲ್ಲಿಯೂ ಎಣಿಕೆಯು ಸಂತೆಯ ಎಣಿಕೆಯೇ. ತೃತೀಯಕವೆಂದರೆ ಜ್ವರದ ದಿನವನ್ನೂ ಸೇರಿಸಿ ಮೂರನೆಯ ದಿನ, ಎಂದರೆ 48 ಗಂಟೆಗಳಿಗೊಮ್ಮೆ. ಚತುರ್ಥಕವು 72 ಗಂಟೆಗಳಿಗೊಮ್ಮೆ. ಮಲೇರಿಯಾದ ರೋಗಾಣುವನ್ನು 1880ರಲ್ಲಿ ಲಾವೆರಾನ್ ಕಂಡುಹಿಡಿದರು. ರೋಗಾಣುಗಳು ರಕ್ತಕಣಗಳೊಳಗೆ ಬೆಳೆದು, ಕಣಗಳೆಲ್ಲ ಒಂದೇ ವೇಳೆಗೆ ಒಡೆದಾಗ ಜ್ವರವು ಏರುವುದೆಂದು ಮುಂದಿನ ಕೆಲವೇ ವರ್ಷಗಳಲ್ಲಿ ಇಟಲಿಯ ಗೋಲ್ಗಿ ಸಿದ್ಧಪಡಿಸಿದರು. ಸೊಳ್ಳೆಯ ಒಡಲಲ್ಲಿ ಆ ರೋಗಾಣುವನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡರು.

ಹೀಗಿರಲು ಜ್ವರವಿಲ್ಲದ ನಡುವಣ ದಿನದ ಅರ್ಥವೇನು? ರೋಗಿಯು ಎದ್ದು ಕುಳಿತು ಉಣ್ಣುತ್ತಾನೆ, ಮನೆಯವರು ನೆಮ್ಮದಿಗೊಳ್ಳುತ್ತಾರೆ, ಗುಳಿಗೆಗಳು ಗೂಡಿನಲ್ಲಿ ಉಳಿಯುತ್ತವೆ. ಆದರೆ ಅದು ಗುಣದ ದಿನವಲ್ಲ, ರಕ್ತಕಣಗಳೊಳಗೆ ರೋಗಾಣುಗಳು ಬಲಿಯುವ ದಿನ. ವೈವಾಕ್ಸ್ ಬಗೆಯ ಮಲೇರಿಯಾದಲ್ಲಿ ಈ ಖಾಲಿಯು ಇನ್ನೂ ದೀರ್ಘ. ಕೆಲವು ರೋಗಾಣುಗಳು ಯಕೃತ್ತಿನಲ್ಲಿ ನಿದ್ರಿಸಿದ್ದು ವಾರಗಳ, ತಿಂಗಳುಗಳ ಬಳಿಕ ಎಚ್ಚೆತ್ತು ಹೊಸ ಸೊಳ್ಳೆಯ ಕಡಿತವಿಲ್ಲದೆಯೇ ಜ್ವರವನ್ನು ತರುತ್ತವೆಂಬುದು 1980ರ ದಶಕದ ಆರಂಭದಲ್ಲಿ ಸ್ಪಷ್ಟವಾಯಿತು. ಭೂಮಿಯಲ್ಲಿ ಮಲಗಿದ ಬೀಜವು ಕಾಲ ಬಂದಾಗ ಮೊಳೆಯುವಂತೆ ದೋಷವು ಧಾತುವಿನಲ್ಲಿ ಅಡಗಿದ್ದು ಕಾಲ ಬಂದಾಗ ಪ್ರಕೋಪಗೊಳ್ಳುತ್ತದೆಂಬ ಚರಕನ ಉಪಮೆಯು ಇಲ್ಲಿ ಸ್ಮರಣೀಯ. ಚರಕನಿಗೆ ರೋಗಾಣುವಿನ ಕಲ್ಪನೆಯಿತ್ತೆಂದು ಇದರಿಂದ ಹೇಳಲಾಗದು. ಆದರೆ ಕಾಣದಿರುವುದು ಇಲ್ಲದಿರುವುದಲ್ಲವೆಂಬ ಅರಿವು ಅವನಿಗಿತ್ತು. ಆದುದರಿಂದಲೇ ಇಂದಿನ ಚಿಕಿತ್ಸಾಕ್ರಮದಲ್ಲಿ ರಕ್ತದಲ್ಲಿನ ರೋಗಾಣುಗಳಿಗೆ ಮೂರು ದಿನಗಳ ಕ್ಲೋರೋಕ್ವಿನ್ ಸಾಕಾದರೂ, ಯಕೃತ್ತಿನಲ್ಲಿ ಮಲಗಿದವುಗಳಿಗಾಗಿ ವೈದ್ಯರ ನಿಗಾದಲ್ಲಿ ಹದಿನಾಲ್ಕು ದಿನಗಳ ಪ್ರೈಮಾಕ್ವಿನ್ ವಿಧಿಸುತ್ತಾರೆ. ಜ್ವರವು ನಿಂತ ಬಳಿಕದ ಆ ದಿನಗಳೇ ರೋಗದ ಬೇರನ್ನು ಕೀಳುವ ದಿನಗಳು. ಇನ್ನೊಂದು ಎಚ್ಚರಿಕೆಯೂ ಅವಶ್ಯ. ಹೆಚ್ಚು ಅಪಾಯಕಾರಿಯಾದ ಫಾಲ್ಸಿಪಾರಮ್ ಬಗೆಯಲ್ಲಿ ಜ್ವರವು ಅನೇಕ ವೇಳೆ ಯಾವ ನಿಯಮಿತ ಕ್ರಮವನ್ನೂ ಅನುಸರಿಸುವುದಿಲ್ಲ. ಕ್ರಮವು ಕಾಣಿಸಲೆಂದು ಕಾಯುತ್ತ ಕೂಡದೆ ಒಡನೆಯೇ ರಕ್ತಪರೀಕ್ಷೆ ಮಾಡಿಸುವುದು ಶ್ರೇಯಸ್ಕರ.

ತಾಳದ ಖಾಲಿಯು ದಾರಿಯನ್ನು ತೋರುತ್ತದೆ. ಕೋಷ್ಟಕದ ಖಾಲಿಯು ಮುಂಬರುವುದನ್ನು ಸೂಚಿಸುತ್ತದೆ. ಹೃದಯದ ಖಾಲಿಯು ಪೋಷಿಸುತ್ತದೆ. ಜ್ವರದ ಖಾಲಿಯು ವಂಚಿಸುತ್ತದೆ. ನಾಲ್ಕರಲ್ಲಿಯೂ ತತ್ತ್ವವೊಂದೇ: ಮರಳಿ ಬರುವುದನ್ನು ಅರಿಯಬೇಕಾದರೆ ಅದು ಕಾಣದಿರುವ ಅವಧಿಯನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರುಗಳಿಂದ ಪಾಠ ಪಡೆದು ಮನೆಗೆ ಮರಳುತ್ತಿದ್ದರು. ಗುರುವಿನ ಎದುರಿಗೆ ಕುಳಿತ ಹೊತ್ತು ಅಲ್ಪ. ಒಂದು ಪಾಠಕ್ಕೂ ಮತ್ತೊಂದು ಪಾಠಕ್ಕೂ ನಡುವೆ ಮನೆಯಲ್ಲಿ ಏಕಾಂತವಾಗಿ ಕಳೆದ ಹೊತ್ತು ಅಧಿಕ. ಕಲಿತ ಪಲುಕು ಕಂಠದಲ್ಲಿ ನೆಲೆಗೊಳ್ಳುವುದು ಆ ನಡುವಣ ಹೊತ್ತಿನಲ್ಲಿಯೇ. ಸಾಧಕನಾಗಲಿ, ಸಂಶೋಧಕನಾಗಲಿ, ಹಾಸಿಗೆಯಿಂದ ಎದ್ದು ಕುಳಿತ ರೋಗಿಯಾಗಲಿ, ಖಾಲಿಯಲ್ಲಿ ಕೈಬಿಡದವನೇ ಸಮವನ್ನು ಮುಟ್ಟುವನು.