ಪಿಟ್ಯುಟರಿಯ ಮೌನ ಗೆಡ್ಡೆಗಳು

ಮೂಗಿನ ಬುಡಕ್ಕೆ ನೇರ ಹಿಂದೆ, ಮೆದುಳಿನ ತಳದಲ್ಲಿರುವ ಪುಟ್ಟ ಅಸ್ಥಿಕುಹರದಲ್ಲಿ, ಬಟಾಣಿ ಕಾಳಿನಷ್ಟು ಗಾತ್ರದ, ಅರ್ಧ ಗ್ರಾಮಿನ ಆಸುಪಾಸು ತೂಗುವ ಪಿಟ್ಯುಟರಿ ಗ್ರಂಥಿಯು ನೆಲೆಗೊಂಡಿದೆ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣಗಳೆಲ್ಲ ಇದರ ಅಪ್ಪಣೆಯನ್ನು ಕಾಯುವುವಾದುದರಿಂದ, ಇಲ್ಲಿ ಬೆಳೆದ ಗೆಡ್ಡೆಯೊಂದು ಯಾವುದಾದರೊಂದು ಹಾರ್ಮೋನನ್ನು ಮಿತಿಮೀರಿ ಸ್ರವಿಸತೊಡಗಿದರೆ ದೇಹವೇ ಅದನ್ನು ಸಾರಿ ಹೇಳುತ್ತದೆ: ಬೆಳವಣಿಗೆಯ ಹಾರ್ಮೋನು ಹೆಚ್ಚಿದರೆ ಕೈಕಾಲುಗಳೂ ದವಡೆಯೂ ದಪ್ಪವಾಗುತ್ತವೆ, ಪ್ರೊಲ್ಯಾಕ್ಟಿನ್ ಹೆಚ್ಚಿದರೆ ಹೆಂಗಸರಲ್ಲಿ ಮುಟ್ಟು ನಿಂತು, ಬಾಣಂತಿಯಲ್ಲದವಳಿಗೂ ಎದೆಹಾಲು ಒಸರಬಹುದು. ಆದರೆ ಇಂಥ ಯಾವ ಚಿಹ್ನೆಯನ್ನೂ ತೋರದೆ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಗೆಡ್ಡೆಗಳ ವರ್ಗವೊಂದುಂಟು.

ಹಿಂದಿನ ರೋಗವಿಜ್ಞಾನಿಗಳು ಪಿಟ್ಯುಟರಿ ಗೆಡ್ಡೆಗಳನ್ನು ಅವುಗಳ ಕೋಶಗಳು ಹೀರುವ ಬಣ್ಣದಿಂದ ವಿಂಗಡಿಸುತ್ತಿದ್ದರು. ಆಮ್ಲವರ್ಣವನ್ನು ಹೀರುವುದು ಒಂದು ಬಗೆ, ಕ್ಷಾರವರ್ಣವನ್ನು ಹೀರುವುದು ಇನ್ನೊಂದು ಬಗೆ. ಯಾವ ಬಣ್ಣವನ್ನೂ ಹತ್ತಿಸಿಕೊಳ್ಳದೆ ಸೂಕ್ಷ್ಮದರ್ಶಕದಡಿಯಲ್ಲಿ ವಿವರ್ಣವಾಗಿಯೇ ಉಳಿಯುವುದು ‘ಕ್ರೋಮೊಫೋಬ್’ ಎಂಬ ಮೂರನೆಯ ಬಗೆ. ಈ ಮೂರನೆಯದು ಏನನ್ನೂ ಸ್ರವಿಸದೆಂದು ದಶಕಗಳ ಕಾಲ ನಂಬಲಾಗಿತ್ತು. 1970ರ ದಶಕದಲ್ಲಿ ರಕ್ತದಲ್ಲಿನ ಪ್ರೊಲ್ಯಾಕ್ಟಿನನ್ನು ಅಳೆಯುವುದು ಸಾಧ್ಯವಾದಾಗ, ಇವುಗಳಲ್ಲಿ ಅನೇಕವು ಅದನ್ನು ಧಾರಾಳವಾಗಿ ಸುರಿಸುತ್ತಿದ್ದುದು ತಿಳಿದುಬಂದಿತು. ಉಳಿದವನ್ನು ಪ್ರತಿಕಾಯಗಳ ನೆರವಿನಿಂದ ಪರೀಕ್ಷಿಸಿದಾಗ, ಬಹುಪಾಲು ಗೆಡ್ಡೆಗಳು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಸಂತಾನ ಸಂಬಂಧಿ ಹಾರ್ಮೋನುಗಳ ಕೋಶವಂಶಕ್ಕೆ ಸೇರಿದುವೆಂದೂ, ಅವುಗಳ ಉತ್ಪತ್ತಿಯು ದೇಹವನ್ನು ಕದಲಿಸಲಾರದಷ್ಟು ಅಲ್ಪವೋ ಅಪೂರ್ಣವೋ ಆಗಿರುವುದೆಂದೂ ಕಂಡಿತು. ಆ ಮೌನದಲ್ಲಿ ಒಂದು ಪಾಲು ನಮ್ಮ ಕಿವಿಯ ಮಂದತೆಯೇ ಆಗಿತ್ತೆನ್ನಬೇಕು.

ಹತ್ತು ಮಿಲಿಮೀಟರಿಗಿಂತ ಚಿಕ್ಕವಾದವು ಪ್ರಾಯಶಃ ಯಾರಿಗೂ ತೊಂದರೆ ಕೊಡುವುದಿಲ್ಲ. ಬೇರೆ ಕಾರಣಗಳಿಂದ ಮೃತರಾದವರ ಶವಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 10 ಮಂದಿಯಲ್ಲಿ ಇಂಥ ಸಣ್ಣ ಗೆಡ್ಡೆಗಳು ಸಿಕ್ಕಿವೆ. ದೊಡ್ಡದಾದ ಗೆಡ್ಡೆ ಮೇಲ್ಮುಖವಾಗಿ ಚಾಚಿದಾಗ ಕಥೆಯೇ ಬೇರೆ. ಎರಡು ಕಣ್ಣುಗಳ ನರಗಳು ಕೂಡುವ ಸಂಧಿಯು ಅಲ್ಲಿಯೇ ಇದ್ದು, ಅದರ ನಡುವೆ ಹಾಯುವ ತಂತುಗಳು ಹೊರಮಗ್ಗುಲಿನ ದೃಶ್ಯವನ್ನು ಒಯ್ಯುವುವಾದುದರಿಂದ, ಮೊದಲು ಕುಂದುವುದು ಎರಡೂ ಪಕ್ಕಗಳ ನೋಟ, ಅದರಲ್ಲಿಯೂ ಮೇಲ್ಭಾಗ. ನಡುನೋಟವು ಚೊಕ್ಕಟವಾಗಿ ಉಳಿದಿರುವ ಕಾರಣ, ಕಣ್ಣು ಪರೀಕ್ಷಿಸುವಲ್ಲಿ ತೂಗುಹಾಕಿದ ಅಕ್ಷರಫಲಕವನ್ನು ಕೊನೆಯ ಸಾಲಿನವರೆಗೂ ಓದಿ ಮುಗಿಸಿದ ಮನುಷ್ಯನೇ ಬಾಗಿಲು ದಾಟುವಾಗ ಭುಜವನ್ನು ಚೌಕಟ್ಟಿಗೆ ತಾಗಿಸುತ್ತಾನೆ. ಪಕ್ಕದಿಂದ ಬಂದ ಸ್ಕೂಟರು ಕಾಣದೆ ಬೆಚ್ಚಿ ನಿಲ್ಲುತ್ತಾನೆ. ರೋಗಿಗಳಲ್ಲಿ ಅನೇಕರು ನಡುವಯಸ್ಸನ್ನು ದಾಟಿದವರಾದುದರಿಂದ ‘ಪೊರೆ ಬಂದಿರಬೇಕು’ ಎಂದುಕೊಂಡು ಕನ್ನಡಕ ಬದಲಿಸುತ್ತ ಕಾಲ ಕಳೆಯುವುದೂ ಉಂಟು. ವೈದ್ಯರು ಎದುರಿಗೆ ಕುಳಿತು, ಒಂದು ಕಣ್ಣನ್ನು ಮುಚ್ಚಿಸಿ, ‘ನನ್ನ ಮೂಗನ್ನೇ ನೋಡುತ್ತಿರಿ’ ಎಂದು, ಬೆರಳನ್ನು ಪಕ್ಕದಿಂದ ಮೆಲ್ಲನೆ ಒಳಕ್ಕೆ ತರುತ್ತ ‘ಈಗ ಕಂಡಿತೇ?’ ಎಂದು ಕೇಳುವ ಪರೀಕ್ಷೆಗೆ ಯಂತ್ರವೂ ಬೇಡ, ಹೆಚ್ಚು ಹೊತ್ತೂ ಬೇಡ. ಅಷ್ಟನ್ನೂ ಮಾಡದೆ ಹೊಸ ಕನ್ನಡಕ ಬರೆದುಕೊಡುವುದು ನನ್ನ ಮಟ್ಟಿಗೆ ಅಕ್ಷಮ್ಯ.

ಗೆಡ್ಡೆಯ ಒತ್ತಡಕ್ಕೆ ಸಿಕ್ಕಿದ ಗ್ರಂಥಿಯೂ ಕ್ರಮೇಣ ಸೊರಗುತ್ತದೆ. ಕಾಮಾಸಕ್ತಿ ಕುಗ್ಗುವುದು, ಕಾರಣವಿಲ್ಲದ ಆಯಾಸ, ಚಳಿ ತಾಳಲಾರದಿರುವುದು, ಇವೆಲ್ಲ ಬಂದರೂ ಮುಪ್ಪಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ಮೇಲಿರುವ ಮೆದುಳಿನಿಂದ ಇಳಿದುಬಂದು ಪ್ರೊಲ್ಯಾಕ್ಟಿನನ್ನು ಹತೋಟಿಯಲ್ಲಿಡುವ ಡೋಪಮಿನ್, ಗ್ರಂಥಿಯ ತೊಟ್ಟು ಅದುಮಲ್ಪಟ್ಟಾಗ ತಲಪದೆ ಹೋಗುವುದರಿಂದ ಪ್ರೊಲ್ಯಾಕ್ಟಿನ್ ಕೊಂಚ ಏರುತ್ತದೆ. ಅದನ್ನು ಕಂಡು ಗೆಡ್ಡೆಯೇ ಅದನ್ನು ಸ್ರವಿಸುತ್ತಿದೆಯೆಂದು ಭ್ರಮಿಸಿದರೆ, ಪ್ರೊಲ್ಯಾಕ್ಟಿನ್ ಗೆಡ್ಡೆಗಳಿಗೆ ಕೊಡುವ ಕ್ಯಾಬರ್ಗೊಲಿನ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಯೂ ಗೆಡ್ಡೆ ಕರಗುವುದಿಲ್ಲ. ಕೆಲವೊಮ್ಮೆ ಗೆಡ್ಡೆಯೊಳಗೆ ಹಠಾತ್ತನೆ ರಕ್ತಸ್ರಾವವಾಗಿ ಅಸಹನೀಯ ತಲೆನೋವು, ವಾಂತಿ, ದೃಷ್ಟಿನಾಶ ಒಮ್ಮೆಲೇ ಎರಗಬಹುದು. ಅಂದು ಆಸ್ಪತ್ರೆಗೆ ಧಾವಿಸಲು ಬೆಳಗಾಗುವುದನ್ನು ಕಾಯಬಾರದು.

ಮೌನ ಗೆಡ್ಡೆಗಳನ್ನು ಖಚಿತವಾಗಿ ಕರಗಿಸುವ ಔಷಧಿಯಿಲ್ಲ. ಕಣ್ಣಿಗೆ ಅಪಾಯವಿದ್ದಲ್ಲಿ ಶಸ್ತ್ರಚಿಕಿತ್ಸೆಯೇ ದಾರಿ. 1907ರಲ್ಲಿ ಇನ್ಸ್‌ಬ್ರುಕ್ ನಗರದಲ್ಲಿ ಹರ್ಮನ್ ಶ್ಲೋಫರ್ ಮೂಗನ್ನೇ ಒಂದು ಮಗ್ಗುಲಿಗೆ ಸರಿಸಿ ಒಳಹೊಕ್ಕರು. 1910ರಲ್ಲಿ ವಿಯೆನ್ನಾದ ಆಸ್ಕರ್ ಹಿರ್ಷ್ ಹೊಳ್ಳೆಯ ಮೂಲಕವೇ ದಾರಿ ಮಾಡಿದರು. ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಮೂಗಿನ ಈ ಮಾರ್ಗದಲ್ಲಿ ನೂರಾರು ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಕಡೆಗೆ ಅದನ್ನು ತೊರೆದು ತಲೆಬುರುಡೆಯನ್ನು ತೆರೆಯುವ ಕ್ರಮಕ್ಕೆ ಮರಳಿದರು. 1960ರ ದಶಕದಲ್ಲಿ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕವನ್ನು ಇದಕ್ಕೆ ಜೋಡಿಸಿದ ಮೇಲೆ ಮೂಗಿನ ಮಾರ್ಗಕ್ಕೆ ಮತ್ತೆ ಪ್ರತಿಷ್ಠೆ ಬಂದಿತು. ಈಗ ಎಂಡೋಸ್ಕೋಪಿನಿಂದಲೂ ಈ ಕೆಲಸ ನಡೆಯುತ್ತದೆ.

ಈ ಗೆಡ್ಡೆಗಳು ದೇಹದ ಇತರ ಭಾಗಗಳಿಗೆ ಹರಡುವುದು ಅತಿ ವಿರಳ. ಆದರೆ ಪಕ್ಕದ ದೊಡ್ಡ ರಕ್ತನಾಳಗಳನ್ನು ಸುತ್ತಿಕೊಂಡ ಭಾಗವನ್ನು ಪೂರ್ತಿ ತೆಗೆಯಲಾಗದು. ಉಳಿದ ತುಣುಕು ಮತ್ತೆ ಬೆಳೆಯಬಹುದು. ಕೋಶಗಳಲ್ಲಿ ಅಡ್ರಿನಲ್‌ಗೆ ಅಪ್ಪಣೆ ಕೊಡುವ ಎಸಿಟಿಎಚ್ ಹಾರ್ಮೋನು ತುಂಬಿಕೊಂಡಿದ್ದೂ ಹೊರಗೆ ಯಾವ ಚಿಹ್ನೆಯನ್ನೂ ತೋರದ ಒಂದು ಉಪವರ್ಗವಂತೂ ಮಿಕ್ಕವುಗಳಿಗಿಂತ ಹಟಮಾರಿ. ಆದಕಾರಣ ಶಸ್ತ್ರಚಿಕಿತ್ಸೆಯಾಗಿ ನೋಟ ತಿಳಿಯಾದವರು, ಇನ್ನೇನು ಗುಣವಾಯಿತಲ್ಲ ಎಂದು ಎಂಆರ್‌ಐ ಚೀಟಿಯನ್ನು ಮೂಲೆಗೆಸೆಯದೆ, ವೈದ್ಯರು ಹೇಳಿದ ಅವಧಿಗೆ ತಪ್ಪದೆ ಹಲವು ವರ್ಷ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ಸೊರಗಿದ ಗ್ರಂಥಿಯ ಕೊರತೆಯನ್ನು ತುಂಬಲು ಹೈಡ್ರೊಕಾರ್ಟಿಸೋನ್ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸಕೂಡದು.